ಅಪ್‌ಡೇಟ್: ಹಿತ್ತಾಳೆ ಪೈಪಿನ ಕುತ್ತಿಗೆ ಬಿರಿಯುವುದು ನಿಂತಿತು

ಮೂಡಿಗೆರೆ ತೋಟದ ಬೋರ್ಡೋ (ಮೈಲುತುತ್ತು-ಸುಣ್ಣದ ದ್ರಾವಣ) ಸ್ಪ್ರೇಯರ್ ಲ್ಯಾನ್ಸಿಗೆ (ಸಿಂಪಡಿಸುವ ಉದ್ದ ಕೊಳವೆಗೆ) 12 ಮಿ.ಮೀ. ಹಿತ್ತಾಳೆ ಪೈಪಿನ ತುದಿಯನ್ನು ಡೈನಲ್ಲಿ (ಕಿರಿದಾಗಿಸುವ ಅಚ್ಚಿನಲ್ಲಿ) ಒತ್ತಿ 10ಕ್ಕೆ ಇಳಿಸಿದರೆ ಸೀಳುತ್ತದೆ, ಸರಿಯಾಗಿ ಕೂತದ್ದೂ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ಇಟ್ಟಲ್ಲೇ ಬಿರಿಯುತ್ತದೆ ಅಂತ ಹಿಂದೆ ಇಲ್ಲಿ ಸಲಹೆ ಕೇಳಿದ್ದೆ. ಈಗ ಎರಡೂ ನಿಂತಿವೆ.

ಕೆಲಸಕ್ಕೆ ಬಂದದ್ದು ಅನೀಲಿಂಗ್, ಅಂದರೆ ಕಾಯಿಸಿ ಮೆದುವಾಗಿಸುವ ಸಲಹೆ. ಒತ್ತಿದಷ್ಟೂ ಹಿತ್ತಾಳೆ ಗಡುಸಾಗುತ್ತದೆ. ಹಾಗಾಗಿ ಒಂದೇ ಏಟಿಗೆ ಬೇಡ: 11.3, 10.6, 10 ಅಂತ ಮೂರು ಡೈ, ಪ್ರತಿ ಹಂತಕ್ಕೂ ಮುಂಚೆ ತುದಿಯನ್ನು ಟಾರ್ಚಿನಿಂದ ತಿರುಗಿಸುತ್ತಾ ಕಾಯಿಸಿ. ಕತ್ತಲಲ್ಲಿ ನೋಡಿ, ಮಸುಕು ಕೆಂಪು ಕಂಡ ಕೂಡಲೇ ತೆಗೆಯಿರಿ. ಕಾವು ಹೆಚ್ಚಾದರೆ ಲೋಹದ ಕಣ ದೊಡ್ಡದಾಗಿ ಮೇಲ್ಮೈ ಕಿತ್ತಳೆ ಸಿಪ್ಪೆಯಂತೆ ಒರಟಾಗುತ್ತದೆ. ನೀರಿಗೆ ಅದ್ದಿದರೆ ಉಕ್ಕಿನಂತೆ ಗಡುಸಾಗುವುದಿಲ್ಲ, ಭಯ ಬೇಡ. ಕಪ್ಪನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ತೆಗೆದು, ಹರಳೆಣ್ಣೆ ತೆಳ್ಳಗೆ ಸವರಿ ಒತ್ತಿ.

ಬರೀ ಎಣ್ಣೆ ಹೆಚ್ಚಿಸುವ ಸಲಹೆ ಫಲ ಕೊಡಲಿಲ್ಲ. ಎಣ್ಣೆ ಸಿಕ್ಕಿಕೊಂಡು ಗುಳಿ ಬಿತ್ತು. ನಿಧಾನ ಒತ್ತಿದರೂ ಸೀಳು ಹಾಗೇ. ಲೇತಿಗೆಂದು ಮಾರುವ ಸೀಸ ಬೆರೆತ ಹಿತ್ತಾಳೆ ಇದಕ್ಕೆ ಆಗದು, 70/30 (70 ಭಾಗ ತಾಮ್ರ, 30 ಭಾಗ ಸತು) ಕೇಳಿ ತನ್ನಿ.

ಇಟ್ಟಲ್ಲೇ ಬಿರಿಯಲು ಕಾರಣ ಗಂಜಲದ ಅಮೋನಿಯಾ! ಡೈನಲ್ಲಿ ಒತ್ತಿ ಒಳಗೆ ಒತ್ತಡ ಉಳಿದ ಹಿತ್ತಾಳೆಗೆ ಅದು, ತೇವದ ಜೊತೆ, ವಿಷ. ಬ್ರಿಟಿಷರ ಕಾಲದಲ್ಲಿ ಇಲ್ಲಿನ ಮಳೆಗಾಲದಲ್ಲಿ ಕುದುರೆ ಲಾಯದಲ್ಲಿಟ್ಟ ಬಂದೂಕಿನ ಹಿತ್ತಾಳೆ ತೋಟಾಗಳೂ ಹೀಗೇ ಬಿರಿಯುತ್ತಿದ್ದವಂತೆ. ಕಾರಣ ವಿವರಿಸಿದ್ದು 1921ರಲ್ಲಿ. ಕೊನೆಯ ಡೈ ಆದ ಮೇಲೆ 250–300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಓವನ್ನಿನಲ್ಲಿಡಿ, ಗಡಸುತನ ಉಳಿದು ಒತ್ತಡ ಇಳಿಯುತ್ತದೆ. ಯೂರಿಯಾ ಚೀಲದ ಪಕ್ಕವೂ ಇಡಬೇಡಿ.