ಸಹಾಯ ಬೇಕು: ಹಳೇ ಕಂಪ್ಯೂಟರ್‌ಗೆ ದುಡ್ಡು ಹಾಕಬೇಕಾ, ಬೇಡ್ವಾ?

ಎಲ್ಲರಿಗೂ ನಮಸ್ಕಾರ, ಕಲಬುರಗಿಯಿಂದ ಬರೆಯುತ್ತಿದ್ದೇನೆ. ಮನೆಯಲ್ಲಿ 2016ರಲ್ಲಿ ಕೊಂಡ ಕಂಪ್ಯೂಟರ್ ಇದೆ. ಆರನೇ ಜನರೇಷನ್ ಐ3, 4 ಜಿಬಿ ರ‍್ಯಾಮ್, ಹಳೇ ಹಾರ್ಡ್ ಡಿಸ್ಕ್, ವಿಂಡೋಸ್ 10. ಬಟನ್ ಒತ್ತಿ, ಚಹಾ ಮಾಡಿ ಕುಡಿದು ಬಂದರೂ ಚಕ್ರ ತಿರುಗುತ್ತಲೇ ಇರುತ್ತದೆ.

ನಮ್ಮೂರ ಬಿಸಿಲು, ಧೂಳೇ ಕಾರಣ ಅಂದುಕೊಂಡೆ. ಕ್ಯಾಬಿನೆಟ್ ಬಿಚ್ಚಿ ಫ್ಯಾನಿಗೆ ಬ್ರಷ್ ಹೊಡೆದೆ. ಬೊಗಸೆ ತುಂಬ ಧೂಳು ಬಂತು, ಸ್ಪೀಡ್ ಮಾತ್ರ ಬರಲಿಲ್ಲ. ಟಾಸ್ಕ್ ಮ್ಯಾನೇಜರ್‌ನಲ್ಲಿ ನೋಡಿದರೆ ಡಿಸ್ಕ್ ಸದಾ 100%. ಅಂಗಡಿಯವರು ಹಾಕಿಕೊಟ್ಟಿದ್ದ ಎರಡು ಆಂಟಿವೈರಸ್ (ಎರಡು ಯಾಕೋ, ಆ ಶರಣಬಸಪ್ಪನೇ ಬಲ್ಲ) ತೆಗೆದು ವಿಂಡೋಸ್‌ನದ್ದೇ ಆದ ಡಿಫೆಂಡರ್ ಒಂದನ್ನೇ ಉಳಿಸಿದೆ. ಸ್ಟಾರ್ಟಪ್‌ನಲ್ಲಿದ್ದ ಬೇಡದ್ದನ್ನೆಲ್ಲ ಬಂದ್ ಮಾಡಿದೆ. ಸ್ವಲ್ಪ ಹಗುರಾಯಿತು, ಅಷ್ಟೇ.

ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ (ಅದಕ್ಕಿಂತ ವೇಗದ ಡ್ರೈವ್) ಹಾಕಿಸಿದರೆ ಓಡುತ್ತೆ ಅಂತಾರೆ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಈ ಪ್ರೊಸೆಸರ್ ಒಪ್ಪುವುದಿಲ್ಲ. ಅಪ್ಪನ ಪೆನ್ಷನ್, ಬ್ಯಾಂಕಿನ ಕೆಲಸ ಎಲ್ಲ ಇದರಲ್ಲೇ. ಅದಕ್ಕೇ ಸುರಕ್ಷತೆಯ ಭಯ.

ವಿಂಡೋಸ್ ಬದಲು ಲಿನಕ್ಸ್ (ಉಚಿತವಾಗಿ ಸಿಗುವ ಆಪರೇಟಿಂಗ್ ಸಿಸ್ಟಂ) ಹಾಕೋಣ ಅಂದರೆ ಅಪ್ಪ ನುಡಿಯಲ್ಲಿ (ವಿಂಡೋಸ್‌ನಲ್ಲಿ ಕನ್ನಡ ಟೈಪ್ ಮಾಡುವ ತಂತ್ರಾಂಶ) ಟೈಪ್ ಮಾಡಿದ ನೂರಾರು ಫೈಲ್‌ಗಳಿವೆ.

ಎಸ್‌ಎಸ್‌ಡಿ ಹಾಕಿಸಿ ಲಿನಕ್ಸ್‌ಗೆ ಹೋದರೆ ಆ ಫೈಲ್‌ಗಳು ಸರಿಯಾಗಿ ತೆರೆಯುತ್ತವಾ? ಇಲ್ಲ, ಸುಮ್ನೆ ಹೊಸ ಕಂಪ್ಯೂಟರೇ ತಗೊಳ್ಳಬೇಕಾ? ಮಾಡಿ ನೋಡಿದವರು ಹೇಳಿ.