ಅಪ್‌ಡೇಟ್: ಅಟ್ಟದ ಮೇಲಿನ ಗಡಿಯಾರದ ರೇಡಿಯೋ ಅಮೆರಿಕದ್ದು!

ಮೂಡಿಗೆರೆ ಮನೆಯ ಅಟ್ಟದಲ್ಲಿ ಸಿಕ್ಕ, ಹೆಸರು ಅಳಿಸಿಹೋದ ಗಡಿಯಾರದ ವಾಲ್ವ್ (ಗಾಜಿನ ಕೊಳವೆಯ) ರೇಡಿಯೋ ಎಲ್ಲಿಯದು ಅಂತ ಕೇಳಿದ್ದೆನಲ್ಲ, ಗೊತ್ತಾಯಿತು. ಹಿಂದಿನ ರಟ್ಟು ಬಿಚ್ಚಿ ಧೂಳು ಒರೆಸಿದೆ. ವಾಲ್ವ್‌ಗಳ ಮೇಲೆ 12ಬಿಇ6, 12ಬಿಎ6, 12ಎವಿ6, 50ಸಿ5, 35ಡಬ್ಲ್ಯೂ4 ಅಂತಿದೆ. ಅಮೆರಿಕದ ಮಾಮೂಲಿ ಐದು ವಾಲ್ವ್ ಸೆಟ್ಟು. ಡಯಲ್‌ನಲ್ಲಿ 640, 1240ರ ಹತ್ತಿರ ಪುಟ್ಟ ತ್ರಿಕೋನಗಳಿವೆ. ಅಮೆರಿಕದಲ್ಲಿ ತುರ್ತು ಪ್ರಸಾರಕ್ಕೆಂದು 1953ರಿಂದ 1963ರವರೆಗೆ ಹಾಕುತ್ತಿದ್ದ ಗುರುತು. ವಯಸ್ಸೂ ಸಿಕ್ಕಿತು, ಅಲ್ವಾ?

ಮಜಾ ಇರುವುದು ಗಡಿಯಾರದಲ್ಲಿ. ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಹಾಕಿದರೂ ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತಿತ್ತು ಅಂತ ಚಿಕ್ಕಪ್ಪ ಸುಮ್ನೆ ಬೈಯುತ್ತಿದ್ದರು. ಅದರ ಮೋಟರು ತಿರುಗುವುದು ಕರೆಂಟಿನ ಸೈಕಲ್ಲಿಗೆ ತಕ್ಕ ಹಾಗೆ; ಅದು ಸೆಕೆಂಡಿಗೆ 60 ಸೈಕಲ್ಲಿನದು, ನಮ್ಮ ಕರೆಂಟು 50. ಪಾಪ, ಕೆಟ್ಟಿರಲೇ ಇಲ್ಲ! ಒಳಗೆ ಟ್ರಾನ್ಸ್‌ಫಾರ್ಮರ್ ಇಲ್ಲ, ಚಾಸಿಗೆ (ಒಳಗಿನ ಲೋಹದ ಚೌಕಟ್ಟಿಗೆ) ನೇರ ಕರೆಂಟು ಬರಬಹುದು. ಅದಕ್ಕೇ ಪ್ಲಗ್ ಕಿತ್ತು ಎತ್ತಿಟ್ಟಿದ್ದೇನೆ.