ಒಣದ್ರಾಕ್ಷಿ ಶೆಡ್ಡಿನ ತಾಡಪತ್ರಿ ಎರಡನೇ ವರ್ಷಕ್ಕೇ ಸೀಳ್ತದ, ಉಳಿಸೋದು ಹ್ಯಾಂಗ?

ತಿಕೋಟಾ ದ್ರಾಕ್ಷಿ: ಶೆಡ್ಡಿನ ಬಾಜೂಕ ಕಟ್ಟೋ ನೀಲಿ ತಾಡಪತ್ರಿ, 200 ಜಿಎಸ್‌ಎಂ (ಒಂದು ಚದರ ಮೀಟರಿಗೆ ಇಷ್ಟು ಗ್ರಾಂ ತೂಕ), 18×24 ಫೂಟು. ಕಬ್ಬಿಣದ ಆಂಗಲ್ ತಾಗೋ ಕಡೆ, ಮಡಿಕಿ ಬಿದ್ದ ಕಡೆ ಸೀಳ್ಯಾವ. ಅಂಚಿನ ಹಗ್ಗ ಕಟ್ಟೋ ಕಣ್ಣೂ ಕಿತ್ಯಾವ. ನಡುವಿನ ಭಾಗ ಇನ್ನೂ ಗಟ್ಟಿ ಅದ. ಗುಜರಿಯವ್ರು ಮುಟ್ಟಂಗಿಲ್ಲ, ಸುಡಾಕ ಮನಸಿಲ್ಲ.

ಜಮಖಂಡಿ ಮಾಮಾ: ಗುಜರಿಯವ್ರ ತಪ್ಪಲ್ರಿ. ಒಳಗ ಎಚ್‌ಡಿಪಿಇ ಅನ್ನೋ ಗಟ್ಟಿ ಪಾಲಿಥಿನ್ ಪಟ್ಟಿ ನೇಯ್ಗಿ, ಮ್ಯಾಲ ಎಲ್‌ಡಿಪಿಇ ಅನ್ನೋ ಮೆತ್ತನ ಪಾಲಿಥಿನ್ ಪದರ, ಅಂಚಿಗೆ ಲೋಹದ ಕಣ್ಣು. ಬಿಸಿಲಿಗೆ ಬೆಂದದ್ದನ್ನ ಕರಗಿಸಿದ್ರ ಬರೋ ಮಾಲಿಗೆ ಕಸುವ ಇರಂಗಿಲ್ಲ.

ಕಾದ ಕಬ್ಬಿಣ ತಾಗಿದ ಗೆರಿ ಮೊದಲ ಸಾಯ್ತೈತಿ. ಆಂಗಲ್ಲಿಗೆ ಬಿಳಿ ಬಣ್ಣ ಹೊಡೀರಿ, ಚೂಪ ಅಂಚಿಗೆ ಹಳೇ 16 ಎಂಎಂ ಡ್ರಿಪ್ ಪೈಪ್ ಉದ್ದಕ್ಕ ಸೀಳಿ ತೊಡಸ್ರಿ. ಕಣ್ಣು ಕಿತ್ತಲ್ಲಿ ಹೊಸ ತೂತು ಬ್ಯಾಡ. ನುಣ್ಣನ ಸಣ್ಣ ಕಲ್ಲು ಒಳಗಿಟ್ಟು ತಾಡಪತ್ರಿ ಗಂಟು ಹಾಕಿ, ಗಂಟಿನ ಕುತ್ತಿಗಿಗೆ ಹಗ್ಗ ಬಿಗೀರಿ. ಹಗ್ಗದ ನಡುವ ಸೈಕಲ್ ಟ್ಯೂಬಿನ ತುಂಡು ಇರಲಿ. ಗಾಳಿ ಜಗ್ಗಿದ್ರ ಅದು ಹಿಗ್ಗಿ ಕೊಡ್ತೈತಿ.

ಅಥಣಿ ಹೊಲ: ಸೀಳಿಗೆ ಇಸ್ತ್ರಿ ಪೆಟ್ಟಿಗಿಯಿಂದ ತೇಪಿ ಹಚ್ಚಿದ್ರ ಆತು.

ಜಮಖಂಡಿ ಮಾಮಾ: ಬ್ಯಾಡ್ರಿ. ಸುಮಾರು 130 ಡಿಗ್ರಿಗೆ ಎಚ್‌ಡಿಪಿಇ ಕರಗ್ತೈತಿ. ಅದಕ್ಕೂ ಮೊದಲ ಎಳಿ ಮುದುಡಿ ಕಸುವ ಕಳಕೋತಾವ, ತೇಪಿ ಬಾಜೂಕ ಮತ್ತ ಹರೀತೈತಿ. ಪಾಲಿಥಿನ್‌ಗೆ ಸಾದಾ ಗೋಂದೂ ಹಿಡಿಯಂಗಿಲ್ಲ. ಮಣ್ಣು ತೊಳದು ಪೂರಾ ಒಣಗಿಸಿ, ಸೀಳಿನ ಎರಡೂ ಮಗ್ಗಲು ಬ್ಯೂಟೈಲ್ ಟೇಪ್ (ಅಂಟು ರಬ್ಬರಿನ ಪಟ್ಟಿ) ಹಚ್ರಿ. ಸುತ್ತ ನಾಲ್ಕ ಬೆರಳು ಹೆಚ್ಚಿಗಿ ಇರಲಿ, ಮೂಲಿ ದುಂಡಗ ಕತ್ತರಸ್ರಿ. ಚೌಕ ಮೂಲಿ ಏಳ್ತಾವ.

ಬಬಲೇಶ್ವರ ತೋಟ: ಶೆಡ್ಡಿನ್ಯಾಗ ದ್ರಾಕ್ಷಿಗೆ ಗಂಧಕದ ಹೊಗಿ ಹಾಕ್ತೀರೇನ್ರಿ? ಯಾರೂ ಇದನ್ನ ಕೇಳಲಿಲ್ಲ. ಬಿಸಿಲು ತಡೀಲಿ ಅಂತ ಪ್ಲಾಸ್ಟಿಕ್ಕಿನ್ಯಾಗ ಹಾಕೋ ‘ಹಾಲ್ಸ್’ ಅನ್ನೋ ರಾಸಾಯನಿಕ ಕ್ಷಾರ ಗುಣದ್ದು. ಗಂಧಕದಿಂದ ಹುಟ್ಟೋ ಆಮ್ಲ ಅದನ್ನ ಕೆಲಸಗೇಡಿ ಮಾಡ್ತದ. ಬೂದಿರೋಗಕ್ಕ ಹೊಡೆಯೋ ಗಂಧಕದ್ದೂ ಅದೇ ಕಥಿ. ಹೊಗಿ ಹಾಕೂ ಮುಂದ ತಾಡಪತ್ರಿ ಬಿಚ್ಚಿ, ಹಳೇದೊಂದು ಅದಕ್ಕೇ ಇಡ್ರಿ. ಸೀಜನ್ ಮುಗದ ಮ್ಯಾಲ ಬರೀ ನೀರಿನಿಂದ ತೊಳದು, ನೆರಳಾಗ ಒಣಗಿಸಿ, 3 ಇಂಚಿನ ಪಿವಿಸಿ ಪೈಪಿಗೆ ಸುತ್ತಿ ಇಲಿ ಹತ್ತದಂಗ ತೂಗ ಹಾಕ್ರಿ. ವರ್ಷಾ ಅದೇ ಮಡಿಕಿಗೆ ಮಡಚಿದ್ರ ಅಲ್ಲೇ ಬಿರೀತದ.

ತಿಕೋಟಾ ದ್ರಾಕ್ಷಿ: ಹೊಗಿ ಹಾಕ್ತೀವಿ, ಅದೇ ತಾಡಪತ್ರಿ ಮುಚ್ಚೇ! ಹೊಸಾದು ತಗೊಳ್ಳೂ ಮುಂದ ಏನ ನೋಡ್ಬೇಕು?

ಬಬಲೇಶ್ವರ ತೋಟ: ತಕ್ಕಡಿ. 18×24 ಫೂಟು ಅಂದ್ರ ಸುಮಾರು 40 ಚದರ ಮೀಟರ್. 250 ಜಿಎಸ್‌ಎಂ ಖರೇ ಇದ್ರ 10 ಕೆಜಿ ತೂಗ್ಬೇಕು, 200 ಇದ್ರ 8. ಐಎಸ್ 7903 ಗುರುತು ನೋಡ್ರಿ, ಅದು ಎಚ್‌ಡಿಪಿಇ ತಾಡಪತ್ರಿಯ ಭಾರತೀಯ ಮಾನಕ. ಒಂದು ಮಗ್ಗಲ ಕರೀದಿದ್ರ ಅದನ್ನ ಬಿಸಿಲಿಗೆ ಮಾಡಿ ಕಟ್ರಿ, ಅದರಾಗಿನ ಕಾರ್ಬನ್ ಬ್ಲ್ಯಾಕ್ ಅನ್ನೋ ಕರೀ ಪುಡಿ ಬಿಸಿಲನ್ನ ತಾನೇ ಹೀರ್ತದ. ಹಳೇದರ ನಡುವಿನ ಭಾಗ ಕತ್ತರಿಸಿ ಪಂಪಿಗೆ, ಗೊಬ್ಬರದ ಚೀಲಕ್ಕ ಹೊದಿಸ್ರಿ. ಉಗುರಿನಿಂದ ಕೆರದ್ರ ಪುಡಿ ಉದುರೂ ತುಂಡು ಹೊಲಕ್ಕ ಒಯ್ಯಬ್ಯಾಡ್ರಿ, ಎಳಿ ಎಳಿ ಆಗಿ ಮಣ್ಣಾಗ ಸೇರ್ತದ.